ಕಿಟಕಿಯ ಬಲಾಬಲ

ಮನೆಗೆ ಬಾಗಿಲುಗಳು ಎರಡೋ ಮೂರೋ ಇರುತ್ತವೆ. ಕಿಟಕಿಗಳಾದರೆ ಹತ್ತೋ ಹನ್ನೆರಡೋ ಇರುತ್ತವೆ. ಆದರೂ ಭದ್ರತೆಯ ಮಾತು ಬಂದಾಗ ನಮ್ಮ ಗಮನವೆಲ್ಲ ಬಾಗಿಲಿನ ಬೀಗದ ಕಡೆಗೇ ಹರಿಯುತ್ತದೆ. ಕಿಟಕಿಯನ್ನು ನಾವು ಗಾಳಿ ಬೆಳಕುಗಳ ದಾರಿಯೆಂದು ಮಾತ್ರ ಎಣಿಸುತ್ತೇವೆ. ಅದು ಗೋಡೆಯಲ್ಲಿ ಕೊರೆದ ತೂತು, ಆ ತೂತನ್ನು ಮುಚ್ಚಿದ ವಸ್ತುವಿಗೆ ಗೋಡೆಯ ಕೆಲಸವನ್ನೂ ವಹಿಸಿದ್ದೇವೆ ಎಂಬುದು ನೆನಪಿಗೆ ಬರುವುದು ಏನಾದರೂ ಅನಾಹುತವಾದ ಮೇಲೆಯೇ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ತ್ವವುಂಟು. ಇಲ್ಲಿಯ ಅನೇಕ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳೆಂದು ಹೋಟೆಲು, ವ್ಯಾಪಾರ, ಉದ್ಯೋಗಗಳ ಮೇಲೆ ಹೊರಟುಹೋಗಿದ್ದಾರೆ. ಊರಿನ ಮನೆಯಲ್ಲಿ ವಯಸ್ಸಾದ ತಂದೆತಾಯಿಗಳಿಬ್ಬರೇ ಇರುತ್ತಾರೆ, ಇಲ್ಲವೆ ವರ್ಷದ ಹತ್ತು ತಿಂಗಳು ಬೀಗ ಬಿದ್ದಿರುತ್ತದೆ. ರಜೆಗೆಂದು ಊರಿಗೆ ಬಂದ ಮಕ್ಕಳು ಹಳೆಯ ಮರದ ಕಿಟಕಿಗಳನ್ನೂ ತುಕ್ಕು ಹಿಡಿದ ಸರಳುಗಳನ್ನೂ ಕಂಡು, “ಇವನ್ನೆಲ್ಲ ಕಿತ್ತು ಹೊಸತು ಹಾಕಿಸಿಬಿಡೋಣವೇ?” ಎಂದು ಕೇಳುತ್ತಾರೆ. ಅವರ ಚಿಂತೆ ನಿರಾಧಾರವಲ್ಲ. ೨೦೨೪ರ ಜುಲೈ ತಿಂಗಳಲ್ಲಿ ಮಂಗಳೂರು ನಗರದ ಒಂದು ಮನೆಗೆ ಬೆಳಗಿನ ಜಾವ ಕಿಟಕಿಯ ಸರಳು ಕತ್ತರಿಸಿ ನುಗ್ಗಿದ ದರೋಡೆಕೋರರು ಅಲ್ಲಿದ್ದ ವೃದ್ಧ ದಂಪತಿಗಳ ಮೇಲೆ ಹಲ್ಲೆ ಮಾಡಿದ ಸುದ್ದಿಯನ್ನು ಕರಾವಳಿಯವರೆಲ್ಲ ಓದಿದ್ದಾರೆ.

ಆದರೆ “ಹೊಸತು ಹಾಕಿಸೋಣವೇ” ಎಂಬುದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆಯೆಂದರೆ, ಈಗಿರುವ ಕಿಟಕಿಯಲ್ಲಿ ದುರ್ಬಲವಾದ ಭಾಗ ಯಾವುದು ಎಂಬುದು. ಅದಕ್ಕೆ ಉತ್ತರ ದೊರೆತರೆ ಎರಡನೆಯದರ ಉತ್ತರ ತಾನಾಗಿ ಬರುತ್ತದೆ. ಮೊದಲನೆಯದಕ್ಕೆ ಉತ್ತರ ಹೇಳಲು ಪ್ರೌಢಶಾಲೆಯಲ್ಲಿ ಕಲಿತ ಸನ್ನೆಕೋಲಿನ ನಿಯಮ, ಕಾಲೇಜಿನಲ್ಲಿ ಕಲಿಯುವ ಸ್ಥಿತಿಸ್ಥಾಪಕತೆಯ ಪಾಠ, ಅಷ್ಟಿಷ್ಟು ರಸಾಯನಶಾಸ್ತ್ರ ಇವಿಷ್ಟು ಸಾಕು.

ಭದ್ರತೆಯೆಂದರೆ ಕಾಲ

ಯಾವ ಕಿಟಕಿಯೂ ಅಭೇದ್ಯವಲ್ಲ. ಸಾಕಷ್ಟು ಹೊತ್ತು, ತಕ್ಕ ಉಪಕರಣ ದೊರೆತರೆ ಕಲ್ಲಿನ ಗೋಡೆಯನ್ನೂ ಒಡೆಯಬಹುದು. ಆದುದರಿಂದ ಭದ್ರತೆಯನ್ನು ಅಳೆಯಬೇಕಾದುದು ನಿಮಿಷಗಳಲ್ಲಿ. ಯುರೋಪಿನ ದೇಶಗಳಲ್ಲಿ ಬಾಗಿಲು ಕಿಟಕಿಗಳನ್ನು ಪರೀಕ್ಷಿಸುವ ಮಾನಕದಲ್ಲಿ ಅನುಭವಸ್ಥನಾದ ಪರೀಕ್ಷಕನು ಗೊತ್ತುಪಡಿಸಿದ ಉಪಕರಣಗಳಿಂದ ಕಿಟಕಿಯನ್ನು ಒಡೆಯಲು ಯತ್ನಿಸುತ್ತಾನೆ. ೩ ನಿಮಿಷ ತಡೆದರೆ ಅದು ಎರಡನೆಯ ದರ್ಜೆ, ೫ ನಿಮಿಷ ತಡೆದರೆ ಮೂರನೆಯದು, ೧೦ ನಿಮಿಷ ತಡೆದರೆ ನಾಲ್ಕನೆಯದು. ಇಷ್ಟು ಅಲ್ಪ ಕಾಲವೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ಕಳ್ಳನಿಗೆ ಬೇಕಾದುದು ಸದ್ದಿಲ್ಲದೆ, ಬೇಗನೆ ಮುಗಿಯುವ ಕೆಲಸ. ಕಿಟಕಿಯು ಅವನನ್ನು ಕೆಲವು ನಿಮಿಷ ತಡೆದು, ಆ ನಿಮಿಷಗಳಲ್ಲಿ ಸದ್ದು ಮಾಡಿಸಿದರೆ ಅದು ತನ್ನ ಕೆಲಸವನ್ನು ಮಾಡಿದಂತೆಯೇ ಸರಿ.

ಕಿಟಕಿಯು ಒಂದು ಸರಪಳಿ ಇದ್ದ ಹಾಗೆ. ಗೋಡೆ, ಗೋಡೆಗೆ ಕಚ್ಚಿದ ಚೌಕಟ್ಟು, ಚೌಕಟ್ಟಿಗೆ ಕೂಡಿಸಿದ ಸರಳು, ಬಿಜಾಗರಿ, ಕದ, ಚಿಲಕ, ಚಿಲಕವನ್ನು ಹಿಡಿದ ಸ್ಕ್ರೂ ಇವು ಅದರ ಕೊಂಡಿಗಳು. ಸರಪಳಿಯ ಬಲ ಅದರ ಅತ್ಯಂತ ದುರ್ಬಲ ಕೊಂಡಿಯ ಬಲಕ್ಕಿಂತ ಹೆಚ್ಚಾಗಲಾರದು. ೨೦ ಮಿ.ಮೀ. ದಪ್ಪದ ಸರಳು ಹಾಕಿಸಿ, ಅದನ್ನು ಒರಲೆ ತಿಂದ ಚೌಕಟ್ಟಿಗೆ ಕೂಡಿಸಿದರೆ ಹಣ ದಂಡವೇ ಹೊರತು ಪ್ರಯೋಜನವಿಲ್ಲ. ಮನೆಯನ್ನು ಒಟ್ಟಾಗಿ ನೋಡುವಾಗಲೂ ಇದೇ ಮಾತು. ಮುಚ್ಚಿಗೆಯಿಲ್ಲದ ತಗ್ಗು ಹೆಂಚಿನ ಮಾಡಿದ್ದು, ನಾಲ್ಕು ಹೆಂಚು ಸರಿಸಿದರೆ ಒಳಗೆ ಇಳಿಯಬಹುದಾದ ಮನೆಯಲ್ಲಿ ಮೊದಲು ಮಾಡನ್ನು ನೋಡಿ ಆಮೇಲೆ ಕಿಟಕಿಯನ್ನು ನೋಡುವುದು ಕ್ರಮ.

ಸರಳಿನ ಲೆಕ್ಕ

ನಮ್ಮ ಕಡೆಯ ಕಿಟಕಿಗಳಲ್ಲಿ ಭದ್ರತೆಯ ಭಾರವನ್ನು ಬಹುಮಟ್ಟಿಗೆ ಹೊರುವುದು ಸರಳುಗಳು. ಎರಡು ತುದಿಗಳಲ್ಲಿ ಆಧಾರವಿರುವ ಒಂದು ಸರಳನ್ನು ನಡುವೆ ಹಿಡಿದು ಎಳೆದರೆ ಅದು ಬಾಗುತ್ತದೆ. ಸ್ವಲ್ಪ ಎಳೆದು ಬಿಟ್ಟರೆ ಮತ್ತೆ ನೇರವಾಗುತ್ತದೆ. ಸ್ಥಿತಿಸ್ಥಾಪಕತೆಯ ಮಿತಿಯನ್ನು ಮೀರಿ ಎಳೆದರೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಆ ಮಿತಿಯನ್ನು ಮುಟ್ಟಲು ಬೇಕಾಗುವ ಬಲವು ಸರಳಿನ ವ್ಯಾಸದ ಘನಕ್ಕೆ ಅನುಪಾತದಲ್ಲಿಯೂ, ಆಧಾರಗಳ ನಡುವಿನ ದೂರಕ್ಕೆ ವಿಲೋಮಾನುಪಾತದಲ್ಲಿಯೂ ಇರುತ್ತದೆ. ಈ ಒಂದು ವಾಕ್ಯದಲ್ಲಿ ಕಿಟಕಿಯ ಭದ್ರತೆಯ ಅರ್ಧ ಪಾಠ ಅಡಗಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಾಧಾರಣ ಮೆದು ಉಕ್ಕಿನ ಮಿತಿ ಪ್ರತಿ ಚದರ ಮಿಲಿಮೀಟರಿಗೆ ೨೫೦ ನ್ಯೂಟನ್. ೧೨ ಮಿ.ಮೀ. ವ್ಯಾಸದ ಸರಳೊಂದು ೯೦ ಸೆಂ.ಮೀ. ಎತ್ತರದ ಕಿಟಕಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ನಡುವೆ ಯಾವ ಆಧಾರವೂ ಇಲ್ಲದೆ ನಿಂತಿದೆಯೆನ್ನೋಣ. ಲೆಕ್ಕ ಮಾಡಿ ನೋಡಿದರೆ ಅದು ಶಾಶ್ವತವಾಗಿ ಬಾಗತೊಡಗಲು ಸುಮಾರು ೧೮೮ ನ್ಯೂಟನ್, ಅಂದರೆ ೧೯ ಕಿಲೋಗ್ರಾಂ ತೂಕದಷ್ಟು ಎಳೆತ ಸಾಕು! ತುದಿಗಳು ಮರದಲ್ಲಿ ಬಿಗಿಯಾಗಿ ಕಚ್ಚಿದ್ದರೆ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು, ಸುಮಾರು ಎರಡು ಪಟ್ಟಿನವರೆಗೂ ಇರಬಹುದು. ಆದರೂ ಕಬ್ಬಿಣದ ಸರಳೆಂದರೆ ಅಲುಗದ ವಸ್ತುವೆಂಬ ನಮ್ಮ ನಂಬಿಕೆಗೂ ಈ ಸಂಖ್ಯೆಗೂ ಎಷ್ಟು ಅಂತರ!

ಈಗ ಅದೇ ಸರಳುಗಳನ್ನು ಹಾಗೆಯೇ ಇಟ್ಟುಕೊಂಡು, ನಡುವೆ ಒಂದು ಅಡ್ಡಪಟ್ಟಿಯನ್ನು ಕೂಡಿಸಿ, ಪಟ್ಟಿಯ ಎರಡು ತುದಿಗಳನ್ನೂ ಚೌಕಟ್ಟಿಗೆ ಬಿಗಿಯೋಣ. ಆಧಾರಗಳ ನಡುವಿನ ದೂರ ೪೫ ಸೆಂ.ಮೀ.ಗೆ ಇಳಿಯಿತು, ಬೇಕಾಗುವ ಬಲ ೩೭೭ ನ್ಯೂಟನಿಗೆ ಏರಿತು. ಎರಡು ಅಡ್ಡಪಟ್ಟಿಗಳಾದರೆ ದೂರ ೩೦ ಸೆಂ.ಮೀ., ಬಲ ೫೬೫ ನ್ಯೂಟನ್. ಇದರ ಬದಲು ಸರಳನ್ನೇ ೧೬ ಮಿ.ಮೀ. ಮಾಡಿ ಅಡ್ಡಪಟ್ಟಿ ಹಾಕದೆ ಬಿಟ್ಟರೆ ಬಲ ೪೪೭ ನ್ಯೂಟನ್. ೧೬ ಮಿ.ಮೀ. ಸರಳು, ಎರಡು ಅಡ್ಡಪಟ್ಟಿ ಎರಡೂ ಸೇರಿದರೆ ೧೩೪೦ ನ್ಯೂಟನ್, ಅಂದರೆ ಸುಮಾರು ೧೩೭ ಕಿಲೋಗ್ರಾಂ ತೂಕದಷ್ಟು. ಹಳೆಯ ಸರಳುಗಳನ್ನು ಕಿತ್ತು ದಪ್ಪನೆಯವನ್ನು ಹಾಕುವುದಕ್ಕಿಂತ, ಇರುವ ಸರಳುಗಳಿಗೆ ಎರಡು ಅಡ್ಡಪಟ್ಟಿಗಳನ್ನು ಬೆಸೆಯಿಸುವುದರಿಂದ ಹೆಚ್ಚು ಲಾಭ ದೊರೆಯುತ್ತದೆಂಬುದನ್ನು ವಾಚಕರು ಗಮನಿಸಬೇಕು. ಮಿತಿಯೊಳಗಿನ ಬಾಗುವಿಕೆಯಂತೂ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ದೂರ ಮೂರನೆಯ ಒಂದು ಪಾಲಾದರೆ ಅದೇ ಎಳೆತಕ್ಕೆ ಬಾಗುವಿಕೆ ೨೭ರಲ್ಲಿ ಒಂದು ಪಾಲಾಗುತ್ತದೆ. ಸರಳುಗಳ ನಡುವಿನ ಸಂದು ೧೦ರಿಂದ ೧೨ ಸೆಂ.ಮೀ.ಗಿಂತ ಹೆಚ್ಚಿರಬಾರದು.

ಬಹಳ ಹಳೆಯ ಮನೆಗಳಲ್ಲಿ ಕಬ್ಬಿಣದ ಬದಲು ಮರದ ಸರಳುಗಳಿರುವುದುಂಟು. ಇವನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ೩೦ ಮಿ.ಮೀ. ಚೌಕದ ಗಟ್ಟಿಮರದ ಸರಳೊಂದರ ಮರವು ಪ್ರತಿ ಚದರ ಮಿಲಿಮೀಟರಿಗೆ ೮೦ ನ್ಯೂಟನ್ ತಡೆಯುವುದೆಂದು ಇಟ್ಟುಕೊಂಡರೆ, ಅದನ್ನು ಮುರಿಯಲು ಬೇಕಾಗುವ ಬಲ ೧೨ ಮಿ.ಮೀ. ಕಬ್ಬಿಣದ ಸರಳನ್ನು ಬಾಗಿಸತೊಡಗುವ ಬಲಕ್ಕಿಂತ ಎಂಟು ಪಟ್ಟಿಗೂ ಹೆಚ್ಚು. ಆದರೆ ಕಬ್ಬಿಣವು ಬಾಗಿಯೂ ತುಂಡಾಗದು, ಮರವು ಮಿತಿ ದಾಟಿದರೆ ಫಟ್ಟನೆ ಮುರಿಯುವುದು. ಗರಗಸಕ್ಕೂ ಮರ ಬೇಗ ಸೋಲುತ್ತದೆ. ಆದುದರಿಂದ ಮರದ ಸರಳಿನ ಒಳಮಗ್ಗುಲಿಗೆ ಒಂದೆರಡು ಕಬ್ಬಿಣದ ಸರಳುಗಳನ್ನು ಅಡ್ಡವಾಗಿ ಕೂಡಿಸಿದರೆ ಎರಡರ ಗುಣವೂ ಒದಗಿ ಬರುತ್ತದೆ. ಕಿಟಕಿಯ ಹೊರನೋಟವೂ ಕೆಡುವುದಿಲ್ಲ.

ತುಕ್ಕು ಎಂಬ ಒಳಶತ್ರು

ಮೇಲಿನ ಲೆಕ್ಕವೆಲ್ಲ ಸರಳು ಹೊಸತಾಗಿದ್ದಾಗಿನದು. ನಮ್ಮ ಕಡಲತೀರದಲ್ಲಿ ಅದು ಹೊಸತಾಗಿ ಉಳಿಯುವುದು ಎಷ್ಟು ಕಾಲ? ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುವುದು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದಲೂ, ಕ್ಲೋರೈಡ್ ಅಯಾನುಗಳು ಲೋಹದ ಮೇಲಣ ರಕ್ಷಕ ಪೊರೆಯನ್ನು ಒಡೆಯುವುದರಿಂದಲೂ ಈ ಕ್ರಿಯೆ ತೀವ್ರವಾಗುತ್ತದೆ. ಅಲೆಗಳು ಒಡೆಯುವಲ್ಲಿ ಎದ್ದ ಉಪ್ಪಿನ ತುಂತುರನ್ನು ಗಾಳಿ ಒಳನಾಡಿಗೆ ಒಯ್ಯುತ್ತದೆ, ಆದರೆ ತೀರದಿಂದ ದೂರ ಸರಿದಂತೆ ಅದರ ಪ್ರಮಾಣ ಬೇಗನೆ ಇಳಿಯುತ್ತದೆ. ಆದುದರಿಂದ ಗಂಗೊಳ್ಳಿ, ಮರವಂತೆ, ಕೋಡಿಗಳ ಮನೆಯ ಸರಳಿಗೂ ಸಿದ್ದಾಪುರ, ಶಂಕರನಾರಾಯಣ, ಕೊಲ್ಲೂರುಗಳ ಮನೆಯ ಸರಳಿಗೂ ಒಂದೇ ಆಯುಸ್ಸನ್ನು ನಿರೀಕ್ಷಿಸಕೂಡದು.

ತುಕ್ಕು ಸರಳನ್ನು ಎಲ್ಲ ಕಡೆಯೂ ಸಮನಾಗಿ ತಿನ್ನುವುದಿಲ್ಲ. ಸರಳು ಮರದೊಳಗೆ ಹೊಗುವ ಜಾಗದಲ್ಲಿ ನೀರು ನಿಲ್ಲುತ್ತದೆ, ಬಿಸಿಲು ತಾಗುವುದಿಲ್ಲ, ಬಣ್ಣದ ಕುಂಚವೂ ಮುಟ್ಟುವುದಿಲ್ಲ. ನಡುವೆ ದುಂಡಗೆ ಹೊಳೆಯುವ ಸರಳು ಬುಡದಲ್ಲಿ ಪೆನ್ಸಿಲಿನಂತೆ ಸವೆದಿರುವುದು ಇದರಿಂದಲೇ. ೧೨ ಮಿ.ಮೀ. ಸರಳು ಸವೆದು ೯ ಮಿ.ಮೀ. ಆದರೆ ನಷ್ಟವಾದುದು ಕಾಲುಭಾಗವೆಂದು ತೋರುತ್ತದೆ. ಆದರೆ ಬಲವು ವ್ಯಾಸದ ಘನವನ್ನು ಅನುಸರಿಸುವುದರಿಂದ ಉಳಿದಿರುವುದು ಶೇಕಡಾ ೪೨ ಮಾತ್ರ, ಅಂದರೆ ಅರ್ಧಕ್ಕಿಂತಲೂ ಕಡಮೆ. ಮೇಲಾಗಿ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಸರಳು ಹೊಕ್ಕ ಜಾಗದಲ್ಲಿ ಮರ ಸೀಳುವುದೂ ಸಿಮೆಂಟು ಚಕ್ಕೆ ಏಳುವುದೂ ಈ ಹಿಗ್ಗುವಿಕೆಯಿಂದ.

ಪರೀಕ್ಷೆ ಸುಲಭ. ಬುಡದಲ್ಲಿ ತುಕ್ಕನ್ನು ಚೂರಿಯಿಂದ ಕೆರೆದು ತೆಗೆದು, ಪ್ರಯೋಗಶಾಲೆಯಲ್ಲಿ ಬಳಸುವಂಥ ವರ್ನಿಯರ್ ಕ್ಯಾಲಿಪರ್ಸಿನಿಂದ ವ್ಯಾಸವನ್ನು ಅಳೆಯಿರಿ. ಸರಳಿನ ನಡುವಿನ ವ್ಯಾಸದೊಡನೆ ಹೋಲಿಸಿ, ಅನುಪಾತದ ಘನವನ್ನು ತೆಗೆಯಿರಿ. ಉಳಿದ ಬಲ ಅರ್ಧಕ್ಕಿಂತ ಹೆಚ್ಚಿದ್ದರೆ, ತುಕ್ಕನ್ನು ಪೂರ್ತಿಯಾಗಿ ಉಜ್ಜಿ ತೆಗೆದು, ತುಕ್ಕುನಿರೋಧಕ ಮೊದಲ ಲೇಪ ಕೊಟ್ಟು, ಮೇಲೆ ಎರಡು ಸಲ ಎನಾಮೆಲ್ ಬಣ್ಣ ಬಳಿಯಬೇಕು. ಇದನ್ನು ಚಳಿಗಾಲದಲ್ಲೋ ಬೇಸಗೆಯಲ್ಲೋ ಮಾಡಬೇಕು. ತೇವದ ಮೇಲೆ ಬಳಿದ ಬಣ್ಣ ತುಕ್ಕನ್ನು ಒಳಗೇ ಮುಚ್ಚಿಟ್ಟಂತೆ. ಹೊಸ ಸರಳು ಹಾಕಿಸುವುದಾದರೆ ಸತುವಿನ ಲೇಪವಿರುವುದು ಮೇಲು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಿಂದ, ಲೇಪದಲ್ಲಿ ಗೀರು ಬಿದ್ದರೂ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಬೆಸುಗೆ ಹಾಕಿದ ಕಡೆ ಸತುವು ಸುಟ್ಟುಹೋಗುವುದರಿಂದ, ಬೆಸುಗೆ ಮುಗಿದ ಮೇಲೆ ಸತುವಿನ ಲೇಪ ಕೊಡಿಸಬೇಕು, ಇಲ್ಲವೆ ಆ ಕೂಡುಗಳಿಗೆ ಸತುವಿನ ಬಣ್ಣ ಬಳಿಯಬೇಕು.

ಕದದ ಸಂದು ಮತ್ತು ಸನ್ನೆಕೋಲು

ಸರಳಿನ ಹಿಂದೆಯೋ ಮುಂದೆಯೋ ಮರದ ಕದವಿರುತ್ತದೆ. ಕದವನ್ನು ಒಡೆಯುವುದಕ್ಕಿಂತ ಮೀಟುವುದು ಸುಲಭ. ೬೦ ಸೆಂ.ಮೀ. ಉದ್ದದ ಬಾಹುವನ್ನು ಒತ್ತಿ, ಆಧಾರದಿಂದ ೩ ಸೆಂ.ಮೀ. ದೂರದಲ್ಲಿರುವ ತುದಿಯಿಂದ ಕದವನ್ನು ಎಬ್ಬಿದರೆ ಬಲ ೨೦ ಪಟ್ಟು ಹೆಚ್ಚುತ್ತದೆ. ೩೦೦ ನ್ಯೂಟನ್ ಒತ್ತಿದವನು ಚಿಲಕದ ಮೇಲೆ ೬೦೦೦ ನ್ಯೂಟನ್, ಅಂದರೆ ೬೦೦ ಕಿಲೋಗ್ರಾಂ ತೂಕಕ್ಕೂ ಹೆಚ್ಚಿನ ಬಲ ಹಾಕಬಲ್ಲನು. ಇಂಥ ಬಲವನ್ನು ಎದುರಿಸಿ ನಿಲ್ಲುವ ಚಿಲಕವನ್ನು ಮಾಡುವುದಕ್ಕಿಂತ, ಸನ್ನೆಕೋಲಿನ ತುದಿಗೆ ಜಾಗವೇ ದೊರೆಯದಂತೆ ಮಾಡುವುದು ಜಾಣತನ.

ಆ ಜಾಗ ಎಲ್ಲಿಂದ ಬರುತ್ತದೆ? ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆಗ ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಈ ಬದಲಾವಣೆ ಮರದ ಉದ್ದದಲ್ಲಿ ಕಾಣದಷ್ಟು ಅಲ್ಪ. ಹಲಗೆಯ ಅಗಲದಲ್ಲಾದರೆ ಶೇಕಡಾ ಒಂದರಿಂದ ಎರಡರಷ್ಟಾಗಬಹುದು. ೪೦ ಸೆಂ.ಮೀ. ಅಗಲದ ಹಲಗೆಯ ಕದಕ್ಕೆ ಇದು ೪ರಿಂದ ೮ ಮಿ.ಮೀ. ಆಯಿತು. ಜುಲೈ ತಿಂಗಳಲ್ಲಿ ಕದ ಬಿಗಿಯಾಯಿತೆಂದು ಬಡಗಿಯನ್ನು ಕರೆದು ಅಂಚನ್ನು ಕೀಸಿಸುತ್ತೇವೆ. ಅದೇ ಕದ ಫೆಬ್ರವರಿಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಹಲವು ಮಳೆಗಾಲ ಹೀಗೆ ಕೀಸಿದ ಕದದ ಸಂದು ಕಳ್ಳನಿಗೆ ನಾವೇ ಮಾಡಿಕೊಟ್ಟ ಅನುಕೂಲ. ಕದವನ್ನು ಅಳತೆಗೆ ತರುವ ಕೆಲಸವನ್ನು ಒಣ ತಿಂಗಳುಗಳಲ್ಲಿ ಮಾಡಿ, ಹಿಗ್ಗಲು ಬೇಕಾದಷ್ಟೇ ಜಾಗ ಬಿಟ್ಟು, ಅಂಚುಗಳಿಗೂ ಬಣ್ಣವನ್ನೋ ಎಣ್ಣೆಯನ್ನೋ ಹಚ್ಚಿದರೆ ತೇವ ಒಳಹೋಗುವುದೂ ಕಡಮೆಯಾಗುತ್ತದೆ. ಈಗಾಗಲೇ ಬಿದ್ದ ಸಂದನ್ನು ಮುಚ್ಚಲು ಕದದ ಹೊರ ಅಂಚಿಗೆ ಒಂದು ಮರದ ಪಟ್ಟಿಯನ್ನು, ಚೌಕಟ್ಟಿನ ಮೇಲೆ ಚಾಚಿಕೊಳ್ಳುವಂತೆ, ಬಿಗಿಸಿದರೆ ಸಾಕು.

ಇನ್ನು ಚಿಲಕದ ವಿಚಾರ. ಸ್ಕ್ರೂ ಮರವನ್ನು ಹಿಡಿಯುವ ಬಲವು ಮರದೊಳಗೆ ಇಳಿದ ಅದರ ಉದ್ದಕ್ಕೆ ಅನುಪಾತದಲ್ಲಿರುತ್ತದೆ. ಮರದ ಸಾಂದ್ರತೆ ಹೆಚ್ಚಿದಂತೆ ಇನ್ನೂ ವೇಗವಾಗಿ, ಸುಮಾರಾಗಿ ಸಾಂದ್ರತೆಯ ವರ್ಗದಂತೆ ಏರುತ್ತದೆ. ಹಲಸು, ಕಿರಾಲುಬೋಗಿ, ಸಾಗುವಾನಿಗಳ ಹಳೆಯ ಚೌಕಟ್ಟು ಗಟ್ಟಿಯಾಗಿದ್ದರೆ ಸ್ಕ್ರೂವಿಗೆ ಅದಕ್ಕಿಂತ ಒಳ್ಳೆಯ ನೆಲೆಯಿಲ್ಲ. ಆದರೆ ಆ ನೆಲೆಯನ್ನು ನಾವು ಬಳಸಿಕೊಳ್ಳುವುದಿಲ್ಲ. ಚಿಲಕದೊಡನೆ ಅಂಗಡಿಯವರು ಕೊಡುವ ೧೫ ಮಿ.ಮೀ. ಸ್ಕ್ರೂ ಮರದೊಳಗೆ ಇಳಿಯುವುದು ೧೩ ಮಿ.ಮೀ. ಮಾತ್ರ. ೪೦ ಮಿ.ಮೀ.ಯದು ೩೮ ಮಿ.ಮೀ. ಇಳಿದು ಮೂರು ಪಟ್ಟು ಬಲ ಕೊಡುತ್ತದೆ. ಬೆಲೆಯ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು. ಚೌಕಟ್ಟಿನ ಕಡೆಗೆ ಉದ್ದ ಸ್ಕ್ರೂ ಹಾಕಬೇಕು. ತೆಳುವಾದ ಕದದ ಕಡೆಗೆ ಆರಪಾರ ಹೋಗುವ ಬೋಲ್ಟು ಹಾಕಿ ಒಳಗಿನಿಂದ ನಟ್ಟು ಬಿಗಿಯಬೇಕು.

ನಮ್ಮ ಹಿರಿಯರು ಬಳಸುತ್ತಿದ್ದ ಅಡ್ಡ ಅಗುಳಿಯ ತತ್ತ್ವ ಇದಕ್ಕಿಂತಲೂ ಒಳ್ಳೆಯದು. ಒಳಕ್ಕೆ ತೆರೆಯುವ ಕದಗಳ ಹಿಂದೆ ಒಂದು ಮರದ ಇಲ್ಲವೆ ಕಬ್ಬಿಣದ ಅಡ್ಡಗೋಲನ್ನು ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ಸೇರಿಸಿದರೆ, ಹೊರಗಿನ ಬಲವೆಲ್ಲ ನಾಲ್ಕು ಸ್ಕ್ರೂಗಳ ಮೇಲೆ ಬೀಳದೆ ಇಡೀ ಚೌಕಟ್ಟಿಗೆ ಹಂಚಿಹೋಗುತ್ತದೆ. ಹೊರಕ್ಕೆ ತೆರೆಯುವ ಕದಗಳಲ್ಲಾದರೆ ಬಿಜಾಗರಿಯ ಕಡ್ಡಿ ಹೊರಗಿನಿಂದ ಕೈಗೆ ಸಿಗುತ್ತದೆ. ಬಿಜಾಗರಿಯ ಬದಿಯ ಅಂಚಿನಲ್ಲಿ ಒಂದೆರಡು ಉಕ್ಕಿನ ಗೂಟಗಳನ್ನು ನಾಟಿ, ಕದ ಮುಚ್ಚಿದಾಗ ಅವು ಚೌಕಟ್ಟಿನ ತೂತುಗಳಲ್ಲಿ ಕೂರುವಂತೆ ಮಾಡಿದರೆ, ಕಡ್ಡಿಯನ್ನು ತೆಗೆದರೂ ಕದ ಕದಲದು.

ಚೌಕಟ್ಟು ಮತ್ತು ಗೋಡೆ

ಮೇಲೆ ಹೇಳಿದ ಎಲ್ಲ ಉಪಾಯಗಳೂ ಚೌಕಟ್ಟು ಗಟ್ಟಿಯಾಗಿದೆ ಎಂಬ ಊಹೆಯ ಮೇಲೆ ನಿಂತಿವೆ. ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆ ನಿರ್ಧಾರವಾಗುವುದು ಇಲ್ಲಿಯೇ.

ಮರ ಕೊಳೆಯುವುದು ಶಿಲೀಂಧ್ರಗಳಿಂದ. ಮರದ ತೇವಾಂಶ ಶೇಕಡಾ ೨೦ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ನೀರು ನಿಲ್ಲುವ ಕೆಳ ಅಡ್ಡಪಟ್ಟಿಯೂ ಕೆಳಗಿನ ಎರಡು ಮೂಲೆಗಳೂ ಮೊದಲು ಕೆಡುತ್ತವೆ. ಗೆದ್ದಲು, ನಮ್ಮ ಕಡೆಯವರ ಮಾತಿನಲ್ಲಿ ಒರಲೆ, ಗೋಡೆಯ ಮರೆಯಿಂದ ಬಂದು ಮೇಲಿನ ಬಣ್ಣವನ್ನು ಹಾಗೆಯೇ ಬಿಟ್ಟು ಒಳಗಿನ ತಿರುಳನ್ನು ತಿನ್ನುತ್ತದೆ. ಬೀಗ ಹಾಕಿದ ಮನೆಗಳಲ್ಲಿ ಇವೆರಡಕ್ಕೂ ಅನುಕೂಲ ಹೆಚ್ಚು. ಗಾಳಿಯಾಡದ ಕೋಣೆಯಲ್ಲಿ ತೇವ ಆರುವುದಿಲ್ಲ, ಒಡೆದ ಹೆಂಚಿನಿಂದ ಇಳಿದ ನೀರನ್ನು ನೋಡುವವರಿರುವುದಿಲ್ಲ. ನೆರೆಯವರೊಬ್ಬರು ವಾರಕ್ಕೊಮ್ಮೆ ಬಂದು ಕಿಟಕಿಗಳನ್ನು ಒಂದೆರಡು ಗಂಟೆ ತೆರೆದಿಡುವುದರಿಂದ ಮರವೂ ಉಳಿಯುತ್ತದೆ, ಮನೆಯಲ್ಲಿ ಜನವಿದ್ದಾರೆಂಬ ಭಾವನೆಯೂ ಹುಟ್ಟುತ್ತದೆ.

ಚೌಕಟ್ಟನ್ನು ಪರೀಕ್ಷಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಕೆಳಗಿನ ಮೂಲೆಗಳಲ್ಲಿ, ಗೋಡೆಗೆ ತಾಗಿದ ಅಂಚಿನಲ್ಲಿ, ಸರಳು ಹೊಕ್ಕ ಜಾಗಗಳಲ್ಲಿ ಚುಚ್ಚಿ ನೋಡಿ. ಗಟ್ಟಿಮರದಲ್ಲಿ ತುದಿ ಒಂದೆರಡು ಮಿಲಿಮೀಟರು ಮಾತ್ರ ಇಳಿಯುತ್ತದೆ, ಕೊಳೆತ ಮರದಲ್ಲಿ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಒರಲೆ ತಿಂದಲ್ಲಿ ಟೊಳ್ಳು ಸದ್ದು ಬರುತ್ತದೆ. ಬಳಿಕ ಚೌಕಟ್ಟಿನ ನಡುವೆ ಎರಡು ಕೈಗಳನ್ನೂ ಒತ್ತಿ ನೂಕಿ ನೋಡಿ. ಗೋಡೆಗೂ ಅದಕ್ಕೂ ನಡುವೆ ಬಿರುಕು ತೆರೆದು ಮುಚ್ಚಿದರೆ ಹಿಡಿತ ಸಡಿಲಿದೆ ಎಂದರ್ಥ.

ಗೋಡೆಯ ಸ್ವಭಾವವನ್ನೂ ಅರಿಯಬೇಕು. ನಮ್ಮ ಹಳೆಯ ಮನೆಗಳೆಲ್ಲ ಮುರಕಲ್ಲಿನವು. ಕಟ್ಟಡಕ್ಕೆ ಬಳಸುವ ಮುರಕಲ್ಲಿಗೆ ಭಾರತೀಯ ಮಾನಕವು ಕೇಳುವ ಕನಿಷ್ಠ ಒತ್ತುತ್ರಾಣ ಪ್ರತಿ ಚದರ ಮಿಲಿಮೀಟರಿಗೆ ೩.೫ ನ್ಯೂಟನ್; ಸಾಧಾರಣ ಕಾಂಕ್ರೀಟಿನದು ೨೦. ಕಾಂಕ್ರೀಟಿಗೆಂದು ಮಾಡಿದ, ಒಳಗೆ ಅರಳಿ ಹಿಡಿಯುವ ಬೋಲ್ಟುಗಳು ರಂಧ್ರಮಯವಾದ ಮುರಕಲ್ಲನ್ನು ಪುಡಿಮಾಡಿ ಸಡಿಲಾಗುತ್ತವೆ. ಹೊರಗಿನಿಂದ ಜಾಲರಿ ಕೂಡಿಸುವುದಾದರೆ ಉದ್ದವಾದ ಕಬ್ಬಿಣದ ಕಾಲುಗಳನ್ನು ಗೋಡೆಯ ಆಳಕ್ಕೆ ಇಳಿಸಿ ಸಿಮೆಂಟಿನ ಗಾರೆ ತುಂಬಬೇಕು, ಇಲ್ಲವೆ ಗಟ್ಟಿಯಾದ ಮರದ ಚೌಕಟ್ಟಿಗೇ ಆರಪಾರ ಬೋಲ್ಟು ಹಾಕಬೇಕು. ಹಳೆಯ ಚೌಕಟ್ಟನ್ನು ಕೀಳುವಾಗ ಸುತ್ತಲಿನ ಕಲ್ಲು ಒಡೆದು ತೆರಪು ದೊಡ್ಡದಾಗುವುದೂ, ಆ ತೆರಪನ್ನು ತುಂಬಿದ ಗಾರೆಯೇ ಹೊಸ ಕಿಟಕಿಯ ದುರ್ಬಲ ಕೊಂಡಿಯಾಗುವುದೂ ಉಂಟು. ಗಟ್ಟಿಯಾದ ಚೌಕಟ್ಟನ್ನು ಕಾರಣವಿಲ್ಲದೆ ಕೀಳಬಾರದು ಎನ್ನುವುದು ಇದಕ್ಕಾಗಿ.

ಬದಲಿಸುವುದೋ, ಉಳಿಸುವುದೋ?

ಈಗ ನಿರ್ಣಯಕ್ಕೆ ಬರೋಣ. ಚೌಕಟ್ಟು ಗಟ್ಟಿಯಾಗಿದ್ದು ಗೋಡೆಯನ್ನು ಹಿಡಿದಿದ್ದರೆ, ಕದ, ಚಿಲಕ, ಸರಳುಗಳಲ್ಲಿ ಯಾವ ದೋಷವಿದ್ದರೂ ದುರಸ್ತಿಯೇ ಮೇಲು. ಚೌಕಟ್ಟಿನ ಒಂದು ಬದಿ ಮಾತ್ರ ಕೆಟ್ಟಿದ್ದರೆ ಆ ತುಂಡನ್ನು ಕತ್ತರಿಸಿ ಹೊಸ ಮರವನ್ನು ಕೂಡಿಸಬಹುದು. ಹಳೆಯ ಮರಗೆಲಸದಲ್ಲಿ ಬಿಡಿಭಾಗಗಳನ್ನು ಒಂದರೊಳಗೊಂದು ಕೂರಿಸಿ ಗೂಟ ಹೊಡೆದಿರುವುದರಿಂದ ಅವನ್ನು ಬಿಚ್ಚಲು ಬರುತ್ತದೆ. ಕುಂದಾಪುರದ ಬಳಿಯ ಹರ್ಕೂರಿನ ‘ಒಳಗಿನ ಮನೆ’ಯನ್ನು ಹಾಗೆಯೇ ಬಿಚ್ಚಿ, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಇಡೀ ಮನೆಯನ್ನೇ ಬಿಚ್ಚಿ ಜೋಡಿಸಬಹುದಾದರೆ ಕಿಟಕಿಯ ಒಂದು ಕಾಲನ್ನು ಬದಲಿಸುವುದು ಅಸಾಧ್ಯವಲ್ಲ. ಆದರೆ ಮೂಲೆಗಳು ಕೊಳೆತು, ಒರಲೆ ಎರಡು ಬದಿಗಳಿಗೂ ಹಬ್ಬಿ, ಗೋಡೆಯ ಹಿಡಿತವೂ ಸಡಿಲಿದ್ದರೆ ಮಮತೆಯನ್ನು ಬಿಟ್ಟು ಬದಲಿಸುವುದೇ ಸರಿ. ಅಂಥ ಚೌಕಟ್ಟಿಗೆ ಹಾಕಿದ ಜಾಲರಿ ಕಣ್ಣಿಗೆ ಮಾತ್ರ ಧೈರ್ಯ ಕೊಡುತ್ತದೆ.

ಬದಲಿಸುವಾಗ ಹೊಸ ವಸ್ತುವಿನ ಗುಣದೋಷಗಳನ್ನೂ ಅದೇ ರೀತಿ ತೂಗಿ ನೋಡಬೇಕು. ಅಲ್ಯೂಮಿನಿಯಮ್ ತನ್ನ ಮೇಲೆ ತಾನೇ ಬೆಳೆಸಿಕೊಳ್ಳುವ ಆಕ್ಸೈಡಿನ ಪೊರೆಯಿಂದ ರಕ್ಷಿತವಾಗಿದ್ದರೂ ಉಪ್ಪುಗಾಳಿಯಲ್ಲಿ ಅದಕ್ಕೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹಿತ್ತಾಳೆಯ ಸ್ಕ್ರೂ ಹಾಕಿದರಂತೂ ಎರಡು ಲೋಹಗಳೂ ಉಪ್ಪುನೀರೂ ಸೇರಿ ವಿದ್ಯುತ್ಕೋಶವಾಗಿ ಅಲ್ಯೂಮಿನಿಯಮ್ ಸವೆಯುತ್ತದೆ. ಪಿ.ವಿ.ಸಿ. ಚೌಕಟ್ಟಿಗೆ ತುಕ್ಕೂ ಇಲ್ಲ, ಒರಲೆಯೂ ಇಲ್ಲ. ಆದರೆ ಅದರ ಬಿಗಿತ ಒಳಗೆ ತೂರಿಸಿದ ಉಕ್ಕಿನ ಕೊಳವೆಯಿಂದ ಬರುವುದರಿಂದ, ಆ ಉಕ್ಕು ಇದೆಯೇ ಎಂದು ಕೇಳಿ ನೋಡಿ ಕೊಳ್ಳಬೇಕು. ಜಾರುವ ಕದಗಳನ್ನು ಹಳಿಯಿಂದ ಮೇಲೆತ್ತಿ ತೆಗೆಯಲು ಬಾರದಂತೆ ಮೇಲ್ಗಡೆ ತಡೆಗಟ್ಟೆ ಇರಬೇಕು. ಜಾರುವ ಕಿಟಕಿ ಒಮ್ಮೆಗೆ ಅರ್ಧ ಮಾತ್ರ ತೆರೆಯುತ್ತದೆಂಬುದನ್ನೂ ಮರೆಯಬಾರದು. ನಮ್ಮ ಸೆಕೆಯ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ.

ಗಾಜಿನಲ್ಲಿಯೂ ಭೇದಗಳಿವೆ. ಕಾಸಿ ಒಮ್ಮೆಲೇ ತಣಿಸಿದ ಗಟ್ಟಿಗಾಜು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲವುಳ್ಳದ್ದು. ಆದರೆ ಒಡೆದಾಗ ಪೂರ್ತಿಯಾಗಿ ಚೂರಾಗಿ ಉದುರಿ ದಾರಿ ಬಿಡುತ್ತದೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪೊರೆಯನ್ನು ಅಂಟಿಸಿದ ಪದರಗಾಜು ಬಿರುಕುಬಿಟ್ಟರೂ ಜಾಗ ಬಿಡುವುದಿಲ್ಲ. ಫ್ರಾನ್ಸಿನ ಎದ್ವಾರ್ ಬೆನೆದಿಕ್ಟಸ್ ೧೯೦೩ರಲ್ಲಿ, ಒಳಗೆ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಒಣಗಿದ್ದ ಗಾಜಿನ ಬುರುಡೆಯೊಂದು ಬಿದ್ದರೂ ಚದುರದಿದ್ದುದನ್ನು ಕಂಡು ಈ ಉಪಾಯವನ್ನು ಹೊಳೆಯಿಸಿಕೊಂಡನು. ಭದ್ರತೆಗೆ ತಕ್ಕುದು ಇದೇ. ಗಾಜನ್ನು ಆರಿಸುವಾಗ ಗಾಳಿಯನ್ನೂ ಎಣಿಸಬೇಕು. ಭಾರತೀಯ ಮಾನಕವು ಮಂಗಳೂರಿಗೆ ಗೊತ್ತುಮಾಡಿರುವ ಗಾಳಿಯ ಮೂಲವೇಗ ಸೆಕೆಂಡಿಗೆ ೩೯ ಮೀಟರ್. ಒತ್ತಡವು ವೇಗದ ವರ್ಗದ ೦.೬ ಪಟ್ಟು, ಅಂದರೆ ಚದರ ಮೀಟರಿಗೆ ೯೦೦ ನ್ಯೂಟನಿಗೂ ಹೆಚ್ಚು. ೨೦೨೧ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಕಂಡ ನಮ್ಮ ತೀರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೊರಬರುವ ದಾರಿ

ಕೊನೆಯದಾಗಿ ಒಂದು ಎಚ್ಚರಿಕೆ. ಒಳಗೆ ಬರಲು ಆಗದ ಕಿಟಕಿಯಿಂದ ಹೊರಗೆ ಹೋಗಲೂ ಆಗುವುದಿಲ್ಲ. ರಾತ್ರಿ ಅಡಿಗೆಮನೆಯಲ್ಲಿ ಅನಿಲ ಸೋರಿಯೋ ತಂತಿ ಸುಟ್ಟೋ ಬೆಂಕಿ ಹತ್ತಿದರೆ, ಎಲ್ಲ ಕಿಟಕಿಗಳಿಗೂ ಬೆಸೆದ ಜಾಲರಿಯಿರುವ ಮನೆ ಸೆರೆಮನೆಯಾಗುತ್ತದೆ. ಹೊಗೆ ಬೆಂಕಿಗಿಂತ ಬೇಗ ಬರುತ್ತದೆ, ವಯಸ್ಸಾದವರ ಕಾಲು ನಿಧಾನ. ಆದುದರಿಂದ ಮಲಗುವ ಕೋಣೆಗಳಲ್ಲಿ ಒಂದೊಂದು ಕಿಟಕಿಯ ಜಾಲರಿಯಾದರೂ ಒಳಗಿನಿಂದ ತೆರೆಯುವಂತೆ ಬಿಜಾಗರಿಯ ಮೇಲೆ ನಿಂತಿರಬೇಕು. ಅದರ ಬೀಗದ ಕೈ ಹೊರಗಿನಿಂದ ಚಾಚಿದ ಕೈಗೆ ಎಟುಕದ, ಆದರೆ ಮನೆಯವರೆಲ್ಲರೂ ಕತ್ತಲಲ್ಲಿಯೂ ಹುಡುಕಬಲ್ಲ ಒಂದೇ ಜಾಗದಲ್ಲಿರಬೇಕು. ತಿಂಗಳಿಗೊಮ್ಮೆ ಅದನ್ನು ತೆರೆದು ಮುಚ್ಚಿ ನೋಡಬೇಕು. ತುಕ್ಕು ಹಿಡಿದು ತೆರೆಯದ ಬೀಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ತಮ್ಮ ಮನೆಯಲ್ಲಿಯೇ ಈ ಪರೀಕ್ಷೆಗಳನ್ನು ಮಾಡಬಹುದು. ಒಂದು ಹಾಳೆಯ ಮೇಲೆ ಪ್ರತಿಯೊಂದು ಕಿಟಕಿಗೂ ಒಂದು ಸಾಲು ಬರೆಯಿರಿ. ಸರಳಿನ ವ್ಯಾಸ ನಡುವೆ ಎಷ್ಟು, ಬುಡದಲ್ಲಿ ಎಷ್ಟು. ಆಧಾರಗಳ ನಡುವಿನ ದೂರ ಎಷ್ಟು. ಕದದ ಸಂದು ಎಷ್ಟು. ಸ್ಕ್ರೂವಿನ ಉದ್ದ ಎಷ್ಟು. ಚೌಕಟ್ಟಿನ ಮೂಲೆಗಳು ಹೇಗಿವೆ ಎಂಬುದನ್ನು ತುಂಬಿ. ಹಾಳೆ ಪೂರ್ತಿಯಾದಾಗ ಹತ್ತು ಕಿಟಕಿಗಳಲ್ಲಿ ಎಷ್ಟನ್ನು ಬದಲಿಸಬೇಕು, ಎಷ್ಟಕ್ಕೆ ಎರಡು ಅಡ್ಡಪಟ್ಟಿಯೂ ಹಿಡಿಯಷ್ಟು ಉದ್ದ ಸ್ಕ್ರೂಗಳೂ ಸಾಕು ಎಂಬುದು ಕಣ್ಣಿಗೆ ಕಾಣುತ್ತದೆ. ಎಲ್ಲವನ್ನೂ ಕಿತ್ತುಹಾಕಲು ಹೊರಟಿದ್ದ ಮನೆಯವರಿಗೆ ಆ ಹಾಳೆಯನ್ನು ತೋರಿಸಿ. ಉಳಿದ ಹಣದಲ್ಲಿ ಮಾಡಿನ ಹೆಂಚೂ ರಿಪೇರಿಯಾದೀತು, ಅಜ್ಜ ಅಜ್ಜಿಯರ ಕೋಣೆಗೆ ಒಳಗಿನಿಂದ ತೆರೆಯುವ ಜಾಲರಿಯೂ ಆದೀತು.